ಮೂವತ್ತಾರರ ಸ್ಪ್ಯಾನರ್

ಕಡೂರು ರಸ್ತೆಯಲ್ಲಿ, ಲಕ್ಯಾ ಇನ್ನೂ ದೂರವಿರುವಾಗಲೇ
ಮುಳ್ಳು ಕೆಂಪಿಗೆ ಬಿತ್ತು.
ಕ್ಯೂರಿಂಗ್ ವರ್ಕ್ಸಿನ ಕಾಫಿ ಹೊಟ್ಟು, ಇಟ್ಟಿಗೆ ಗೂಡಿಗೆ.
ಹೊಟ್ಟಿಗೇನು ಭಾರ ಅಂತೀರಿ,
ತಾರ್ಪಾಲಿನ ಕೆಳಗೆ ಅದೂ ಉಸಿರು ಬಿಗಿಹಿಡಿದು ಕೂತಿರುತ್ತದೆ.
ಮೈಲಿಗೊಮ್ಮೆ ನಿಲ್ಲಿಸಿ, ಕ್ಯಾನಿನ ನೀರು ಕುಡಿಸಿ,
ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡವನಂತೆ
ಚಿಕ್ಕಮಗಳೂರಿಗೆ ವಾಪಸ್ಸು ತಂದೆ.

ದಾದಾಪೀರ್ ಕ್ಯಾಬಿನ್ ಬಾಗಿಸಿ, ಇಂಜಿನ್ ಆರಿಸಿ,
ಒಂದೇ ಬೆರಳಿಂದ ಫ್ಯಾನು ತಳ್ಳಿದ.
ಅಷ್ಟು ಕಾವಿನಲ್ಲೂ ಅದು ಗಿರಗಿಟ್ಲೆ.
"ಕ್ಲಚ್ಚು ಹೋಗಿದೆ ಯಜಮಾನ್ರೇ.
ಕಾದಾಗ ಹಿಡೀಬೇಕು, ತಣ್ಣಗಾದಾಗ ಬಿಡಬೇಕು,
ಅಷ್ಟೇ ಇದರ ಕೆಲಸ. ಹಿಡಿಯೋದು ಮರೆತಿದೆ."

ಹಿಡಿಯುವುದನ್ನು ಮರೆತದ್ದು
ಪಂಪಿನ ಮೂತಿಯನ್ನು ಮಾತ್ರ ಬಿಡಲೊಲ್ಲದು.

ಮೂವತ್ತಾರರ ಸ್ಪ್ಯಾನರ್ ಹಾಕಿದ. ಅಲ್ಲಾಡಲಿಲ್ಲ.
ಪರಶಿ ಎಂಬ ಹುಡುಗ ಹಳೇ ಬೆಲ್ಟನ್ನು ಪುಲ್ಲಿಗೆ ಸುತ್ತಿ
ಹೋರಿಯ ಹಗ್ಗ ಹಿಡಿದವನಂತೆ ಹಿಂದಕ್ಕೆ ಒರಗಿದ.
ಸ್ಪ್ಯಾನರಿಗೆ ಪೈಪು ಸಿಕ್ಕಿಸಿದರು. ಡೀಸೆಲ್ ಎರೆದು
ಒಂದು ಬೀಡಿಯಷ್ಟು ಹೊತ್ತು ಕಾದರು.
ರೇಡಿಯೇಟರಿಗೆ ಒದ್ದೆ ಗೋಣಿ ಹೊದಿಸಿ ಗ್ಯಾಸ್ ಹಚ್ಚಿದರು.
ಪಕ್ಕದ ಪಂಕ್ಚರ್ ಅಂಗಡಿಯ ಸೋಮಯ್ಯ
ಬೈಗುಳವೊಂದನ್ನು ಸಾಲ ಕೊಟ್ಟ.
ಹಾಲಿನ ವ್ಯಾನಿನವನೊಬ್ಬ ಇಳಿದು ಬಂದು
"ಸುತ್ತಿಗೇಲಿ ಕೊಡಿ, ಹೆದರಬೇಡಿ" ಎಂದು ಹೇಳಿ
ಹೆದರಿ ದೂರ ನಿಂತ.
ಎಡಕ್ಕೆ, ಎಡಕ್ಕೆ, ಇನ್ನೂ ಎಡಕ್ಕೆ.
ಸ್ಪ್ಯಾನರ್ ಜಾರಿ ದಾದಾಪೀರನ ಗೆಣ್ಣಿನ ಚರ್ಮ
ಫ್ಯಾನಿನ ಎಲೆಗೆ ಅಂಟಿತು.
ನಟ್ಟಿನ ಮೂಲೆಗಳು ಸವೆದು
ಬೆಲ್ಲದುಂಡೆಯಂತಾಗತೊಡಗಿದವು.
ನನಗೆ ಗೂಡಿನವನ ಫೋನು, ಒಂದಾದ ಮೇಲೊಂದು.

ಚಹಾ ಬಂತು. ಕೈ ಸುಮ್ಮನಿರದ ಪರಶಿ
ಸೀಮೆಎಣ್ಣೆಯ ಬಟ್ಟೆಯಿಂದ ನಟ್ಟನ್ನು ಉಜ್ಜುತ್ತಿದ್ದ,
ಯಾರೂ ಹೇಳದೆ, ಬೇಜಾರಿಗೆ.
"ಅಣ್ಣಾ, ಇಲ್ಲೇನೋ ಗೀಚಿದೆ."

ಗ್ರೀಸು, ಹೊಟ್ಟಿನ ಧೂಳು, ವರ್ಷಗಳ ಕರಿ ಪದರ.
ಅದರಡಿಯಲ್ಲಿ ಉಳಿಯಿಂದ ಕೊರೆದ ಬಾಣ,
ಬಾಲದಲ್ಲಿ ಮೂರು ಚುಕ್ಕೆ.
ಬಾಣದ ಮೂತಿ ಬಲಕ್ಕೆ.

ದಾದಾಪೀರ್ ಲೋಟ ಕೆಳಗಿಟ್ಟ.
ಟಾರ್ಚು ಇಸಕೊಂಡ. ಬಹಳ ಹೊತ್ತು ನೋಡಿದ.
"ಲೂಯಿಸ್ ಮೇಸ್ತ್ರಿ ಕೈ ಇದು" ಅಂದ.

ಒಂಬತ್ತು ವರ್ಷದವನು, ಟಿಫನ್ ಮುಚ್ಚಳದಲ್ಲಿ ನಟ್ಟು ಹೊತ್ತು
ಆ ಮನುಷ್ಯನ ಹಿಂದೆ ಓಡಾಡಿದ್ದನಂತೆ.
"ಒರಸೋ ಮೊದಲು, ಆಮೇಲೆ ನೋಡೋ,
ನೋಡಿದ ಮೇಲೆ ಬಾಯಿ ಮುಚ್ಕೊಂಡು ತಿರುಗ್ಸೋ"
ಎಂದು ದಿನಾ ತಲೆಗೆ ಮೊಟಕುತ್ತಿದ್ದನಂತೆ.
ಮೇಸ್ತ್ರಿ ಹೋಗಿ ಆರು ವರ್ಷ.
"ಉಲ್ಟಾ ಥ್ರೆಡ್ಡು ಯಜಮಾನ್ರೇ.
ಬೆಳಿಗ್ಗೆಯಿಂದ ನಾನು ಬಿಚ್ಚಿಲ್ಲ, ಬಿಗಿ ಮಾಡಿದೀನಿ."

ಸೋಮಯ್ಯ ನಗಲು ಬಾಯಿ ತೆರೆದವನು
ಅವನ ಮುಖ ನೋಡಿ ಬೀಡಿ ಹಚ್ಚಿದ.

ಸ್ಪ್ಯಾನರನ್ನು ಮಗುಚಿ ಹಾಕಿದ. ಬಾಣದ ಕಡೆಗೆ
ಸುತ್ತಿಗೆಯ ಒಂದು ಪೆಟ್ಟು. ಎರಡು.
ಮೂರನೆಯದಕ್ಕೆ ಒಳಗೆಲ್ಲೋ
ಒಣ ಕೊಂಬೆ ಮುರಿದ ಸದ್ದು.
ಆಮೇಲೆ ಬೆರಳುಗಳೇ ಸಾಕಾದವು.

ಹೊಸದನ್ನು ಕೂರಿಸುವಾಗ ಪೈಪು ಮುಟ್ಟಲಿಲ್ಲ.
"ಕೈಬಿಗಿ ಮೇಲೆ ಒಂದು ಚೂರು ಸಾಕು.
ಓಡಿದಷ್ಟೂ ತಾನೇ ಬಿಗಿಯಾಗುತ್ತೆ, ಈ ಜಾತಿ."
ಪರಶಿಯ ಕೈಗೆ ಉಳಿ ಕೊಟ್ಟ. ಹುಡುಗ ಕೊರೆದ ಬಾಣ
ಸೊಟ್ಟಗೆ, ಮೀನಿನ ಹಾಗೆ ಬಂತು. ಇರಲಿ ಅಂದ.

ರಾತ್ರಿ ಎಂಟೂವರೆ. "ಲೇಬರ್ ಎಷ್ಟು ದಾದಾಪೀರ್?"
ಪುಸ್ತಕ ತೆಗೆದು, ಗೆಣ್ಣಿಗೆ ಅರಿಶಿನ ಒತ್ತಿಕೊಂಡು
ಎಣಿಸಿದ: "ನಾಲ್ಕರಿಂದ ಈಚೆಗೆ ಬರೀರಿ.
ಅದಕ್ಕೂ ಮೊದಲಿನದು ಮೇಸ್ತ್ರಿಗೂ ನನಗೂ ಇರೋ ಲೆಕ್ಕ."

ಲಕ್ಯಾ ದಾಟಿದೆ. ಮುಳ್ಳು ನಡುವಿನಲ್ಲಿ.
ಏರಿನಲ್ಲಿ ಫ್ಯಾನು ಒಮ್ಮೆ ಘರ್ಜಿಸಿ ಹಿಡಿಯಿತು,
ಇಳಿಜಾರಿನಲ್ಲಿ ಬಿಟ್ಟಿತು.
ಗೂಡಿನವನ ಫೋನು ಮತ್ತೆ. ಎತ್ತಲಿಲ್ಲ,
ಆ ಸದ್ದು ಇನ್ನೊಂದು ಸಲ ಕೇಳಬೇಕಿತ್ತು.