ತುರು

ಅಂದಿಯೂರಿನ ಶಾಲೆಯಲ್ಲಿ ತಮಿಳು ಮೇಷ್ಟ್ರು
ಮೊಳೆಯೊಂದನ್ನು ನೀರಲ್ಲಿಟ್ಟು, ಮೂರನೇ ದಿನ ಎತ್ತಿ ತೋರಿಸಿದರು:
ಇದು ತುರು.
ನನಗೆ ನಗು. ಬರಗೂರು ಬೆಟ್ಟದಲ್ಲಿ, ನಮ್ಮಜ್ಜಿಯ ಬಾಯಲ್ಲಿ,
ತುರು ಅಂದರೆ ದನ,
ಕೆಂಪು ಮೈಮೇಲೆ ಬಿಳಿ ಚೆಲ್ಲಿದ್ದು,
ಕರೆದರೆ ಬಾರದ್ದು, ಬೈದರೆ ಬರುವುದು.

ಆ ಸಂಜೆ ತಟ್ಟಕರೆಯ ಪಟ್ಟಿಯಲ್ಲಿ ಜಡೆಮಾದಣ್ಣನ ಸೆಂದಿ
ಕಾಫಿ ಬಣ್ಣದ ಗಂಜಲ ಹುಯ್ಯುತ್ತ ನಿಂತಿತ್ತು.
ಕಿವಿಯ ಹಿಂದೆ ಹರಳುಬೀಜದಷ್ಟು ಉಬ್ಬಿದ ಉಣ್ಣೆ.
ಕಿವಿಯಂಚು ಚುಚ್ಚಿ ಒಂದು ಹನಿ ಗಾಜಿನ ಮೇಲೆ ಎಳೆದೆ.
ಸೂಜಿಮದ್ದು ಹಾಕಿಯಾಗಿತ್ತು; ಉಳಿದದ್ದು ಕಾಯುವುದು.

"ಏನ್ ಕಾಣ್ತದವ್ವ ಅದರೊಳಗೆ?"
ಕೆಂಪು ಕಣದೊಳಗೆ ಜೋಡಿ ಹನಿ, ತುದಿಗೆ ತುದಿ ತಾಗಿಸಿಕೊಂಡು,
ಬಾಡಿಗೆ ಕೊಡದ ಒಕ್ಕಲು.
ಕಾಲಿಲ್ಲ ಅವಕ್ಕೆ. ಆದರೂ ಮನೆಯಿಂದ ಮನೆಗೆ ನುಗ್ಗುತ್ತವೆ
ಆಕ್ಟಿನ್ ಎಂಬ ನೂಲು ಹೊಸೆದುಕೊಂಡು.
ಹೊಸತು ಹೊಸೆಯಲು ಹಳತನ್ನು ಬಿಚ್ಚಬೇಕು;
ಬಿಚ್ಚುವುದಕ್ಕೇ ಒಂದು ಪ್ರೋಟೀನು,
ಕೈ ಅನ್ನು.

ಅವನು ತಲೆಯೆತ್ತಲಿಲ್ಲ. ಹಳೇ ಮೂಗುದಾರದ ಹುರಿ ಬಿಡಿಸಿ
ಕತ್ತಾಳೆ ನಾರನ್ನು ತೊಡೆಯ ಮೇಲೆ ಹರಡಿದ್ದ.
"ಬಿಚ್ಚಲಾರದ ಕೈ ಹೊಸೆಯಲಾರದು" ಅಂದ,
ನಾಮಕ್ಕಲ್‌ನಲ್ಲಿ ನಾನು ಎರಡು ವರ್ಷ ಓದಿದ್ದನ್ನು.

ಆ ಕೈಗೆ ತುಕ್ಕು ಹಿಡಿಯುತ್ತದೆ, ಅಣ್ಣ.
ಉಸಿರಿನದೇ ತುಕ್ಕು. ಗಂಧಕದ ಎರಡು ಬೆರಳು,
ದೂರ ದೂರ ಇರಬೇಕಾದವು,
ಒಂದನ್ನೊಂದು ಹಿಡಿದು ಮುಷ್ಟಿಯಾಗುತ್ತವೆ.
ನೂಲು ಬಿಗಿದಲ್ಲೇ ಬಿಗಿದು ಹುಳ ನಿಂತುಬಿಡುತ್ತದೆ.
ನಿಲ್ಲಬಹುದು.
ನಮ್ಮ ಗಾಜಿನ ಬಟ್ಟಲಲ್ಲಿ ಏಳು ಸಲಕ್ಕೆ ನಾಲ್ಕು ಸಲ ನಿಂತಿತು.

"ಹಂಗಾದ್ರೆ ತುಕ್ಕನ್ನೇ ಚುಚ್ಚು."

ಹಾಗಲ್ಲ. ಸೆಂದಿಯ ಮೈಯಲ್ಲೂ ಅಂಥ ಕೈಗಳಿವೆ,
ನಿನ್ನಲ್ಲೂ, ನನ್ನಲ್ಲೂ.
ತುಕ್ಕು ಯಾರ ಮನೆಯೆಂದು ಕೇಳಿ ಬರುವುದಿಲ್ಲ.
ಮತ್ತೆ ಆ ಕಳ್ಳ ಒಕ್ಕಲು ಇರುವುದೇ ಉಸಿರಿನ ಉಗ್ರಾಣದಲ್ಲಿ;
ದಿನಾ ಕೈ ತಿಕ್ಕಿ ತೊಳೆದುಕೊಳ್ಳುವ ಬುದ್ಧಿ ಅದಕ್ಕೂ ಉಂಟು.

ಅವನು ನಾರಿಗೆ ಉಗುಳು ಹಚ್ಚಿ ಹೊಸೆಯತೊಡಗಿದ.

ಕತ್ತಲಾಯಿತು. ಆನೆ ಬರುವ ಕಡೆಗೆ ಬೆಂಕಿ ಹಾಕಿದರು.
ಸೆಂದಿ ಮತ್ತೊಮ್ಮೆ ಹುಯ್ದಾಗ ಟಾರ್ಚು ಹಿಡಿದು ಇಬ್ಬರೂ ಬಗ್ಗಿದೆವು.
"ಬಣ್ಣ ತೆಳುವಾಗದೆ" ಅಂದ.
ನನಗೆ ಹಾಗೆ ಕಾಣಲಿಲ್ಲ; ಹೇಳಲಿಲ್ಲ.
ನೋಟ್‌ಪುಸ್ತಕದಲ್ಲಿ ತಾರೀಖಿನ ಮುಂದೆ
ತುರು ಎಂದು ಬರೆದೆ.
ಯಾವ ಭಾಷೆಯದೆಂದು ಬರೆಯಲಿಲ್ಲ.