ಕಠಾರಿ ಗುರುತಿನ ಪದ

ಬಂದರಿನ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಇಂಗ್ಲಿಷ್ ನಿಘಂಟು.
ಬೆನ್ನು ಕಿತ್ತಿದೆ. 'ಎ'ಯಿಂದ 'ಇ'ವರೆಗೆ ಗೆದ್ದಲ ಪಾಲು.
'ಎಫ್' ಹೇಗೋ ಉಳಿದಿತ್ತು.

ಅದರಲ್ಲೊಂದು ಪದ: ಫ್ರೋಟ್.
ತಲೆಯ ಪಕ್ಕ ಪುಟ್ಟ ಕಠಾರಿ,
ಸತ್ತ ಪದಕ್ಕೆ ಅಚ್ಚಿನವರು ನೆಡುವ ಶಿಲುಬೆ.
ಅರ್ಥ: ಉಜ್ಜು, ತಿಕ್ಕು.
ಮೂವತ್ತು ವರ್ಷ ಕರಡು ತಿದ್ದಿದವಳು ನಾನು,
ಆ ಗುರುತು ಕಂಡಲ್ಲಿ ಪೆನ್ಸಿಲು ತಾನಾಗಿ ನಿಲ್ಲುತ್ತದೆ.

ಫ್ರೆಂಚರ ನಾಲಗೆಯಿಂದ ಕಡಲು ದಾಟಿ ಬಂದದ್ದಂತೆ.
ಬೆವೆತ ಕುದುರೆಯ ಮೈಗೆ ಒಣಹುಲ್ಲಿನ ಹಿಡಿಯಾಗಿ,
ಸಿರಿವಂತರ ಕೈಗವಸಿಗೆ ಪರಿಮಳದೆಣ್ಣೆಯಾಗಿ,
ಬಿಸಿನೀರ ಮನೆಯಲ್ಲಿ ಯಾರದೋ ಬೆನ್ನ ಮೇಲೆ
ಕೂಲಿಯಾಳಿನ ಅಂಗೈಯಾಗಿ
ಮುನ್ನೂರು ನಾನೂರು ವರ್ಷ ದುಡಿಯಿತು.
'ರಬ್' ಎಂಬ ಗಿಡ್ಡ ಆಳು ಮನೆಯೊಳಗೇ ಇದ್ದ.
ಬರಬರುತ್ತಾ ಅವನನ್ನೇ ಕರೆದರು.
ಇದನ್ನು ಕರೆಯುವುದು ಬಿಟ್ಟರು, ಅಷ್ಟೆ.

ಉರ್ವದ ನಮ್ಮ ಓಣಿಗೆ ದೇಜಮ್ಮ ಬರುತ್ತಾಳೆ,
ಹೆತ್ತವರ ಮೈ ತಿಕ್ಕಲು, ಕೂಸಿನ ಮೂಗು ತೀಡಿ ನೆಟ್ಟಗೆ ಮಾಡಲು.
ಬಚ್ಚಲ ಹಂಡೆಯಲ್ಲಿ ನೆಕ್ಕಿ ಸೊಪ್ಪು ಕುದಿಯುತ್ತದೆ.
"ಎಣ್ಣೆ ಪೂಜೊಡು" ಅನ್ನುತ್ತಾಳೆ, ಎಣ್ಣೆ ಹಚ್ಚಬೇಕು ಎಂದು.
ಘಟ್ಟದ ಮೇಲಿಂದ ಬಂದ ನನ್ನ ಅತ್ತಿಗೆ ಒಮ್ಮೆ
ಪೂಜೆಯೆಂದೇ ತಿಳಿದು
ಬಚ್ಚಲ ಹೊಸ್ತಿಲಲ್ಲಿ ಊದುಬತ್ತಿ ಹಚ್ಚಿಟ್ಟಳು.
ದೇಜಮ್ಮ ನಕ್ಕ ನಗೆಗೆ ಅರ್ಧ ಕುಡಿಕೆ ಎಣ್ಣೆ ಚೆಲ್ಲಿತು.

ಅವಳ ಹೆಬ್ಬೆರಳಿನ ಗೆರೆ ಪೂರ್ತಿ ಸವೆದಿದೆ.
ರೇಷನ್ ಅಂಗಡಿಯ ಯಂತ್ರ
ಮೂರು ಸಲ ಒತ್ತಿಸಿಕೊಂಡಿತು, ಬಲಗೈ, ಎಡಗೈ, ಮತ್ತೆ ಬಲಗೈ,
ಇಂಥವರಿಲ್ಲ ಎಂದಿತು.
"ನಾನು ಇಲ್ಲವಂತೆ ಅಕ್ಕಾ" ಎಂದಳು ಬಂದು,
ಅದೇ ಬೆರಳಲ್ಲಿ ನನ್ನ ಸೊಂಟದ ನೋವಿನ ಬೇರು ಹುಡುಕುತ್ತಾ.

ನಮ್ಮಲ್ಲೂ ಇತ್ತಲ್ಲ ಒಂದು ಪದ: ನೀವು.
ಬೆನ್ನು ನೀವು, ಹಣೆ ನೀವು, ಕರುವಿನ ಗಂಗೆದೊಗಲು ನೀವು.
ಈಗ ಹಾಗೆಂದರೆ
ಮರ್ಯಾದೆಗೆ ಕರೆದರೆಂದು ಎದುರಿನವರು ತಿರುಗುತ್ತಾರೆ,
ಒಂದು ಹೆಜ್ಜೆ ದೂರದಲ್ಲೇ ನಿಂತು.

ತಪ್ಪಿ ಹೊಡೆದುಹಾಕಿದ್ದನ್ನು ಉಳಿಸಿಕೊಳ್ಳಲು
ಕರಡಿನಲ್ಲಿ ಪದದ ಕೆಳಗೆ ಚುಕ್ಕಿ ಇಡುವ ಪದ್ಧತಿ.
ಫ್ರೋಟ್ ಕೆಳಗೆ ಇಟ್ಟೆ, ನಾಲ್ಕೈದು.
ಪುಟಕ್ಕೆ ಕೊಬ್ಬರಿ ಎಣ್ಣೆಯ ಕಲೆಯಾಯಿತು, ಆಗಲಿ.

ದೇಜಮ್ಮನ ಕಾರ್ಡು ಮೇಜಿನ ಮೇಲಿದೆ.
ನಾಳೆ ತಾಲೂಕು ಕಚೇರಿಗೆ ಜೊತೆಗೆ ಹೋಗಬೇಕು.
ಅದರಲ್ಲಿ ಚುಕ್ಕಿ ಎಲ್ಲಿ ಇಡುವುದೋ
ನನಗೆ ತಿಳಿಯಲಿಲ್ಲ.