ಚಕ್ಕುಬಂದಿ

ಬೈಲಹೊಂಗಲದ ಮೊದಲ ಬಸ್ಸಿಗೆ ಬೆಳಗಾವಿಗೆ ಬರುತ್ತಾರೆ
ಅಡಿವೆಪ್ಪ ತಿಗಡಿ, ಎಪ್ಪತ್ತಾರು, ನಿವೃತ್ತ ಮೋಜಣಿದಾರ.
ಎಡಗೈಯಲ್ಲಿ ಕೊಡೆ.
ಬಲಗೈ ಈಗ ಹೆಂಡತಿಯ ಸುಪರ್ದಿನಲ್ಲಿ.

ಮುಖವಾಡ ಬಿಗಿಯುವುದು ನನ್ನ ಕೆಲಸ.
ಬಿಸಿನೀರಲ್ಲಿ ಮೆತ್ತಗಾದ ಬಿಳಿ ಜಾಲರಿಯನ್ನು
ಹೋಳಿಗೆಯ ಕಣಕದಂತೆ ಮುಖದ ಮೇಲೆ ಎಳೆದು
ಮೂಗು, ಗದ್ದ, ಹುಬ್ಬು ಮೂಡುವ ತನಕ ಒತ್ತಿ ಹಿಡಿದೆ.
ಬಿಚ್ಚಿದ ಮೇಲೆ ಕೇಳಿದರು:
"ಇದನ್ನ ಯಾರ ಹೆಸರಿಗೆ ಖಾತೆ ಮಾಡ್ತೀಯವಾ?"

ಡಾಕ್ಟರು ಫಿಲ್ಮು ತೋರಿಸಿದಾಗ
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರಂತೆ.
"ಇದರ ಹದ್ದು ಎಲ್ಲೈತ್ರಿ?"
"ಹದ್ದಿಲ್ರಿ ಯಜಮಾನ್ರ. ಕಂಡದ್ದನ್ನ ತಗದೀವಿ,
ಬೇರು ಆಜೂಬಾಜೂ ಹೊಲಕ್ಕ ಹೋಗೇತಿ."
ನಲವತ್ತು ವರ್ಷ ಸರಪಳಿ ಎಳೆದವರು,
ಕುಡಗೋಲು ಹಿಡಿದ ಅಣ್ಣತಮ್ಮಂದಿರ ನಡುವೆ
ಬಾಂದಗಲ್ಲು ನೆಟ್ಟು ಬಂದವರು,
ಒಂದೇ ಮಾತು ಅಂದರು: "ಒತ್ತುವರಿ."

ವಯಸ್ಸು ನೋಡಿ ಮೂವತ್ತು ದಿನದ್ದನ್ನು ಹದಿನೈದಕ್ಕಿಳಿಸಿದೆ.
ಇರುವ ದಿನಗಳು ಬಸ್ಸಿನಲ್ಲೇ ಸವೆಯಬಾರದು ಅಂತ.
"ಮುದುಕ ಅಂತ ಅರ್ಧಾ ಕೊಟ್ಟೀರೇನ?"
ಫಕೀರವ್ವ ಒಮ್ಮೆ ನನ್ನ ಸೆರಗು ಜಗ್ಗಿದಳು.
ಇಲ್ಲ ಅಂದೆ. ಅದು ನಿಜವೇ.
ಅದರ ಹಿಂದಿದ್ದ ಇನ್ನೊಂದು ಪ್ರಶ್ನೆಯನ್ನು
ಅವಳು ಕೇಳಲಿಲ್ಲ, ನಾನು ಕಾಯಲಿಲ್ಲ.

ಆರನೆಯ ದಿನದಿಂದ ಮಾತು ಜಾರತೊಡಗಿತು.
ಚಹಾ ಸರಪಳಿ, ಚಮಚ ಸರಪಳಿ,
ಮಗಳು ಫೋನಿನಲ್ಲಿ ಅತ್ತರೆ
"ಸರಪಳಿ ಸರಪಳಿ" ಎಂದು ರಮಿಸುತ್ತಿದ್ದರು.

ಹತ್ತನೆಯ ದಿನ ಮುಖವಾಡ ಕೂಡಲಿಲ್ಲ.
ಮಿದುಳಿನ ಬಾವು ಇಳಿಸುವ ಗುಳಿಗೆ ಹಸಿವು ಎಬ್ಬಿಸಿ,
ದಿನಕ್ಕೆ ಏಳು ರೊಟ್ಟಿ ತಿಂದು
ಕೆನ್ನೆಗಳು ಹದ್ದು ದಾಟಿದ್ದವು.
ಹೇಗೋ ಕೊಂಡಿ ಹಾಕಿದೆ. ಬಿಚ್ಚಿದಾಗ
ಹಣೆಯ ತುಂಬ ಕೆಂಪು ಗೆರೆ,
ಗುಂಟೆ ಗುಂಟೆಯಾಗಿ ಪಾಲಾದ ಹೊಲ.

ಕಡೆಯ ದಿನ. ಹೊರಗೆ ಜಿಟಿಜಿಟಿ.
ದಪ್ಪ ಬಾಗಿಲು ಹಾಕಿ ಪರದೆಯ ಮುಂದೆ ಕೂತೆ.
ಮೈಕಿನಲ್ಲಿ ಜಾಲರಿಯೊಳಗಿನ ದನಿ,
ಹಲ್ಲು ಕಚ್ಚಿದಂತೆ, ಆದರೆ ಮಾತೆಲ್ಲ ಸ್ಪಷ್ಟ:
"ಪೂರ್ವಕ್ಕ ಫಕೀರವ್ವ.
ಪಶ್ಚಿಮಕ್ಕ ಬಾಗಲಾ.
ಉತ್ತರಕ್ಕ ಈ ಹುಡುಗಿ.
ದಕ್ಷಿಣಕ್ಕ..."
ಯಂತ್ರ ಗರ್ ಎಂದು ಒಂದು ಸುತ್ತು ತಿರುಗಿತು.
"ದಕ್ಷಿಣಕ್ಕ..."

ಅಲ್ಲಾಡಬೇಡಿ ಅಜ್ಜಾ, ಅಂದೆ.

ಫಕೀರವ್ವ ಮುಖವಾಡ ಕೇಳಿ ಪಡೆದಳು.
ತಿರುಗಿಸಿ ತಿರುಗಿಸಿ ನೋಡಿದಳು,
ನಾವು ಅಂಟಿಸಿದ ಪಟ್ಟಿ, ಗುರುತು, ಮೂಗಿನ ಉಬ್ಬು.
"ಮೆಣಸಿನ ಸಸಿ ಮ್ಯಾಲ ಮುಚ್ಚತೀನಿ," ಅಂದಳು,
"ಕೋಳಿ ಭಾಳ ಕೆದರತಾವ."